ಕಬ್ಬಿಣಕ್ಕೆ ಒಳಬರುವ ಬಾಗಿಲುಂಟು, ಹೊರಹೋಗುವ ಬಾಗಿಲಿಲ್ಲ

ಬೆರಳ ತುದಿಗೆ ಸೂಜಿ ಚುಚ್ಚಿದಾಗ ಉಬ್ಬಿ ನಿಲ್ಲುವ ರಕ್ತದ ಹನಿ ಸುಮಾರು 0.05 ಮಿಲಿಲೀಟರ್. ಅಷ್ಟರಲ್ಲೇ ಹತ್ತಿರಹತ್ತಿರ 25 ಕೋಟಿ ಕೆಂಪು ರಕ್ತಕಣಗಳಿರುತ್ತವೆ. ಒಂದೊಂದು ಕಣದೊಳಗೆ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳು, ಒಂದೊಂದು ಅಣುವಿನಲ್ಲಿ ನಾಲ್ಕು ಕಬ್ಬಿಣದ ಪರಮಾಣುಗಳು. ಇಷ್ಟೆಲ್ಲ ಕೋಟಿಗಳನ್ನು ಕೂಡಿದರೂ ಆ ಹನಿಯಲ್ಲಿರುವ ಕಬ್ಬಿಣದ ತೂಕ ಸುಮಾರು 0.025 ಮಿಲಿಗ್ರಾಂ. ವಯಸ್ಕರ ಇಡೀ ದೇಹದ ಕಬ್ಬಿಣ ಸೇರಿಸಿದರೆ 3ರಿಂದ 4 ಗ್ರಾಂ, ಅಂದರೆ ಒಂದು ಸಣ್ಣ ಮೊಳೆಯ ತೂಕ. ಅದರಲ್ಲಿ ಮೂರನೇ ಎರಡು ಪಾಲು ರಕ್ತದಲ್ಲೇ ಓಡಾಡಿಕೊಂಡಿರುತ್ತದೆ.

ಈ ಮೊಳೆಯಷ್ಟು ಕಬ್ಬಿಣವನ್ನು ದೇಹ ಹೇಗೆ ಕಾಯುತ್ತದೆ ಎನ್ನುವುದು ಗೊತ್ತಾದರೆ ರಕ್ತಹೀನತೆಯ ವಿಷಯದಲ್ಲಿ ಆಗುವ ಎಷ್ಟೋ ತಪ್ಪುಗಳು ತಾವಾಗಿಯೇ ನಿಲ್ಲುತ್ತವೆ. ನೆನಪಿಡಬೇಕಾದ ಮಾತು ಒಂದೇ: ಬೇಡವಾದ ಉಪ್ಪನ್ನು, ಯೂರಿಯಾವನ್ನು ಮೂತ್ರದಲ್ಲಿ ಹೊರಹಾಕುವಂತೆ ಕಬ್ಬಿಣವನ್ನು ಹೊರಹಾಕುವ ದಾರಿ ನಮ್ಮ ದೇಹದಲ್ಲಿಲ್ಲ. ನಿಯಂತ್ರಣವೆಲ್ಲ ಒಳಬರುವ ಬಾಗಿಲಲ್ಲಿ, ಸಣ್ಣ ಕರುಳಿನ ಮೊದಲ ಗೇಣಿನಷ್ಟು ಜಾಗದಲ್ಲಿ.

ಮೊದಲು, ರಕ್ತದಲ್ಲಿ ಆಮ್ಲಜನಕ ಹೊರಲು ಕಬ್ಬಿಣವೇ ಯಾಕೆ? ಪರಮಾಣು ಸಂಖ್ಯೆ 26ರ ಈ ಲೋಹಕ್ಕೆ ಎರಡು ರೂಪಗಳ ನಡುವೆ ಸಲೀಸಾಗಿ ಹೋಗಿಬರುವ ಗುಣವಿದೆ. ಎರಡು ಎಲೆಕ್ಟ್ರಾನ್ ಬಿಟ್ಟುಕೊಟ್ಟ ಫೆರಸ್ ಒಂದು, ಮೂರು ಬಿಟ್ಟುಕೊಟ್ಟ ಫೆರಿಕ್ ಇನ್ನೊಂದು. ಆಮ್ಲಜನಕವನ್ನು ಹಗುರವಾಗಿ ಹಿಡಿದು, ಬೇಕಾದ ಕಡೆ ಬಿಡಬಲ್ಲದ್ದು ಫೆರಸ್. ಆದರೆ ಆಮ್ಲಜನಕದ ಜೊತೆ ಬಿಟ್ಟರೆ ಅದು ಫೆರಿಕ್ ಆಗಿಬಿಡುತ್ತದೆ. ಮಳೆಗೆ ಬಿಟ್ಟ ಕಬ್ಬಿಣ ತುಕ್ಕು ಹಿಡಿಯುವುದರ ಹಿಂದೆ ಇರುವುದೂ ಇದೇ ಚಾಳಿ. ಹಿಮೋಗ್ಲೋಬಿನ್ ಈ ತೊಡಕನ್ನು ಬಿಡಿಸಿರುವ ರೀತಿ ಬಹಳ ಚೆಂದ. ಕಬ್ಬಿಣವನ್ನು ಹೀಮ್ ಎಂಬ ಚಪ್ಪಟೆ ಬಳೆಯ ನಡುವೆ ಕೂರಿಸಿ, ಆ ಬಳೆಯನ್ನು ಪ್ರೋಟೀನಿನ ಒಂದು ಜೇಬಿನೊಳಗೆ ಸೇರಿಸಿದೆ. ಆಮ್ಲಜನಕ ಬಂದು ಕೂರುವಷ್ಟು ಜಾಗವುಂಟು, ಎಲೆಕ್ಟ್ರಾನ್ ಕಿತ್ತುಕೊಂಡು ಹೋಗುವಷ್ಟು ಸಡಿಲವಿಲ್ಲ.

ಆದರೂ ದಿನಕ್ಕೆ ಶೇಕಡಾ 0.5ರಿಂದ 3ರಷ್ಟು ಹಿಮೋಗ್ಲೋಬಿನ್ ಫೆರಿಕ್ ಆಗುತ್ತಲೇ ಇರುತ್ತದೆ. ಇದಕ್ಕೆ ಮೆಟ್‌ಹಿಮೋಗ್ಲೋಬಿನ್ ಎಂದು ಹೆಸರು; ಆಮ್ಲಜನಕ ಒಯ್ಯುವ ಕೆಲಸಕ್ಕೆ ಬಾರದು. ಕೆಂಪು ಕಣದೊಳಗಿನ ಒಂದು ಕಿಣ್ವ ಅದನ್ನು ಮತ್ತೆ ಫೆರಸ್ ಮಾಡುತ್ತಾ ಕೂತಿರುತ್ತದೆ. ಎಳೆ ಶಿಶುಗಳಲ್ಲಿ ಈ ಕಿಣ್ವ ಇನ್ನೂ ಬಲಿತಿರುವುದಿಲ್ಲ. ಹಾಗಾಗಿ ನೈಟ್ರೇಟ್ ಹೆಚ್ಚಿರುವ ಬಾವಿ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ಮಗುವಿನ ತುಟಿ, ಉಗುರು ನೀಲಿಗಟ್ಟುತ್ತವೆ, ರಕ್ತ ಚಾಕೊಲೇಟಿನಂತೆ ಕಂದಾಗುತ್ತದೆ. ನೀರನ್ನು ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಅದು ಇನ್ನೂ ಗಟ್ಟಿಯಾಗುತ್ತದೆ.

ಅದೇ ಜೇಬಿಗೆ ಇನ್ನೊಬ್ಬ ಅತಿಥಿ ನುಗ್ಗಿದರೂ ಅಪಾಯ. ಕಾರ್ಬನ್ ಮೊನಾಕ್ಸೈಡ್ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಒಲೆಯೋ ಜನರೇಟರೋ ಉರಿಯುತ್ತಿದ್ದು, ಒಳಗಿದ್ದವರಿಗೆಲ್ಲ ಒಟ್ಟಿಗೆ ತಲೆನೋವು, ವಾಕರಿಕೆ ಶುರುವಾದರೆ ಮೊದಲು ಎಲ್ಲರೂ ಹೊರಗೆ ಬರಬೇಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇಲ್ಲಿ ಮೋಸ ಮಾಡುತ್ತದೆ. ಸಾಮಾನ್ಯ ಆಕ್ಸಿಮೀಟರಿಗೆ ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಯಾವುದು, ಮೊನಾಕ್ಸೈಡ್ ಹೊತ್ತದ್ದು ಯಾವುದು ಎಂಬ ವ್ಯತ್ಯಾಸ ತಿಳಿಯುವುದಿಲ್ಲ. ಪ್ರಜ್ಞೆ ತಪ್ಪುತ್ತಿರುವವರಿಗೂ 98 ತೋರಿಸೀತು.

ಬೇರೆ ಪ್ರಾಣಿಗಳು ಇದೇ ಕೆಲಸಕ್ಕೆ ಬೇರೆ ಲೋಹವನ್ನೂ ಹಚ್ಚಿಕೊಂಡಿವೆ. ಆಕ್ಟೋಪಸ್, ಏಡಿ, ಸಿಗಡಿ, ಬಹುತೇಕ ಬಸವನಹುಳುಗಳಲ್ಲಿ ಇರುವುದು ತಾಮ್ರ. ಹಿಮೋಸಯಾನಿನ್ ಎಂಬ ಈ ಪ್ರೋಟೀನಿನಲ್ಲಿ ಎರಡು ತಾಮ್ರದ ಪರಮಾಣುಗಳು ಸೇರಿ ಒಂದು ಆಮ್ಲಜನಕ ಅಣುವನ್ನು ಹಿಡಿಯುತ್ತವೆ. ಹಿಡಿದಾಗ ರಕ್ತ ನೀಲಿ, ಬಿಟ್ಟಾಗ ಹೆಚ್ಚುಕಡಿಮೆ ಬಣ್ಣವೇ ಇಲ್ಲ. ನಮ್ಮ ಹಾಗೆ ಕಣಗಳೊಳಗೆ ತುಂಬಿಡದೆ ನೇರ ರಕ್ತದ್ರವದಲ್ಲೇ ಕರಗಿಸಿಟ್ಟಿರುವುದರಿಂದ ಆಕ್ಟೋಪಸ್ಸಿನ ರಕ್ತ ಮಂದ. ಅದನ್ನು ತಳ್ಳಲು ಮೂರು ಹೃದಯಗಳಿವೆ. ಜಿರಳೆಗೆ ಈ ತಾಪತ್ರಯವೇ ಇಲ್ಲ. ಮೈಮೇಲಿನ ಸಣ್ಣ ರಂಧ್ರಗಳಿಂದ ಹೊರಟ ನಳಿಗೆಗಳು ಗಾಳಿಯನ್ನು ನೇರ ಅಂಗಾಂಶಕ್ಕೇ ಒಯ್ಯುತ್ತವೆ, ರಕ್ತಕ್ಕೆ ಕೆಂಪಾಗಬೇಕಾದ ಅಗತ್ಯ ಬಿದ್ದಿಲ್ಲ.

ಅಂಟಾರ್ಕ್ಟಿಕಾದ ಐಸ್‌ಫಿಶ್ ಇನ್ನೂ ವಿಚಿತ್ರ. ಬೆನ್ನೆಲುಬಿರುವ ಪ್ರಾಣಿಯಾಗಿದ್ದೂ ಬೆಳೆದ ಮೀನಿನಲ್ಲಿ ಹಿಮೋಗ್ಲೋಬಿನ್ ಇಲ್ಲ. 1954ರಲ್ಲಿ ನಾರ್ವೆಯ ಜೋಹಾನ್ ರೂಡ್ ಇದನ್ನು ವಿವರವಾಗಿ ವರದಿ ಮಾಡಿದರು. ಸೊನ್ನೆ ಡಿಗ್ರಿಯ ಆಚೀಚೆ ಇರುವ ನೀರಿನಲ್ಲಿ ಆಮ್ಲಜನಕ ಹೆಚ್ಚು ಕರಗುತ್ತದೆ, ತಣ್ಣನೆಯ ಮೈಗೆ ಬೇಕಾಗುವುದೂ ಕಡಿಮೆ. ಹಾಗಾಗಿ ರಕ್ತದ್ರವದಲ್ಲಿ ಕರಗಿದ್ದರಲ್ಲೇ ಅದರ ಬದುಕು ಸಾಗುತ್ತದೆ. ಆದರೆ ಬಿಟ್ಟಿಯಾಗಿ ಅಲ್ಲ: ಅಷ್ಟೇ ಗಾತ್ರದ ಕೆಂಪು ರಕ್ತದ ಮೀನಿಗಿಂತ ದೊಡ್ಡ ಹೃದಯ, ಹೆಚ್ಚು ರಕ್ತ, ಅಗಲವಾದ ರಕ್ತನಾಳಗಳು ಬೇಕಾಗಿವೆ. ಇನ್ನೊಂದು ತುದಿಯಲ್ಲಿ ಸ್ಪರ್ಮ್ ತಿಮಿಂಗಿಲ. ಒಂದು ಗಂಟೆಯ ಹತ್ತಿರ ಉಸಿರು ಬಿಗಿಹಿಡಿದು ಮುಳುಗುವ ಅದರ ಮಾಂಸಖಂಡ ಕಪ್ಪೆನ್ನುವಷ್ಟು ಗಾಢ ಕೆಂಪು. ಹಿಮೋಗ್ಲೋಬಿನ್ನಿನ ತಮ್ಮನಂತಿರುವ ಮಯೋಗ್ಲೋಬಿನ್ ಅಲ್ಲಿ ಅಷ್ಟು ಒತ್ತಾಗಿ ತುಂಬಿದೆ. 1958ರಲ್ಲಿ ಜಾನ್ ಕೆಂಡ್ರೂ ಮೊಟ್ಟಮೊದಲ ಬಾರಿಗೆ ಒಂದು ಪ್ರೋಟೀನಿನ ಮೂರು ಆಯಾಮದ ಆಕಾರವನ್ನು ಬಿಡಿಸಿ ತೋರಿಸಿದ್ದು ಈ ತಿಮಿಂಗಿಲದ ಮಯೋಗ್ಲೋಬಿನ್ನಿನಲ್ಲೇ. ಹಿಮೋಗ್ಲೋಬಿನ್ ಬಿಡಿಸಿದ ಮ್ಯಾಕ್ಸ್ ಪೆರುಟ್ಜ್ ಜೊತೆ 1962ರ ರಸಾಯನಶಾಸ್ತ್ರ ನೊಬೆಲ್ ಅವರಿಗೆ ಬಂತು.

ಮನುಷ್ಯರ ರಕ್ತವೂ ಅಭಿಧಮನಿಯಲ್ಲಿ ನೀಲಿ ಇರುತ್ತದೆ ಎನ್ನುವವರು ಈಗಲೂ ಇದ್ದಾರೆ. ಇರುವುದಿಲ್ಲ. ಆಮ್ಲಜನಕ ಬಿಟ್ಟುಕೊಟ್ಟ ರಕ್ತ ಗಾಢ ಕೆಂಪಷ್ಟೇ; ಚರ್ಮದ ಅಡಿಯಿಂದ ಬೆಳಕು ವಾಪಸಾಗುವ ರೀತಿಗೆ ನಾಳ ನೀಲಿಯಾಗಿ ಕಾಣುತ್ತದೆ. ಹಾಗೆಯೇ, ರಕ್ತದಲ್ಲಿ ಕಬ್ಬಿಣವಿದೆಯೆಂದು ಆಯಸ್ಕಾಂತ ಅದನ್ನು ಎಳೆಯುವುದೂ ಇಲ್ಲ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ನನ್ನು ಆಯಸ್ಕಾಂತ ಅತಿ ಸೂಕ್ಷ್ಮವಾಗಿ ದೂರ ತಳ್ಳುತ್ತದೆ, ಹೊರದೇ ಇರುವುದನ್ನು ಅಷ್ಟೇ ಸೂಕ್ಷ್ಮವಾಗಿ ಸೆಳೆಯುತ್ತದೆ ಎಂದು ಲೈನಸ್ ಪೌಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ 1936ರಲ್ಲಿ ತೋರಿಸಿದರು. ಮಿದುಳಿನ ಯಾವ ಭಾಗ ಚುರುಕಾಗಿದೆಯೆಂದು ಎಂಆರ್‌ಐ ಯಂತ್ರ ಇಂದು ಗುರುತಿಸುವುದು ಇದೇ ವ್ಯತ್ಯಾಸದ ಮೇಲೆ. ರಕ್ತಶುದ್ಧಿಗೆಂದು ಮಾರುವ ಆಯಸ್ಕಾಂತದ ಬಳೆಗಳಿಗೆ ಇಲ್ಲಿ ಮಾಡಲು ಕೆಲಸವೇನೂ ಇಲ್ಲ.

ಈಗ ಬಾಗಿಲಿಗೆ ಬರೋಣ. ಕೆಂಪು ಕಣದ ಆಯಸ್ಸು ಸುಮಾರು 120 ದಿನ. ಮೂಳೆಮಜ್ಜೆ ಸೆಕೆಂಡಿಗೆ 20 ಲಕ್ಷದಷ್ಟು ಹೊಸ ಕಣಗಳನ್ನು ತಯಾರಿಸುತ್ತದೆ, ಅದಕ್ಕೆ ದಿನಕ್ಕೆ 20ರಿಂದ 25 ಮಿಲಿಗ್ರಾಂ ಕಬ್ಬಿಣ ಬೇಕು. ಆದರೆ ಕರುಳಿನಿಂದ ಒಳಬರುವುದು ದಿನಕ್ಕೆ 1ರಿಂದ 2 ಮಿಲಿಗ್ರಾಂ ಮಾತ್ರ. ಉಳಿದದ್ದೆಲ್ಲ ಹಳೆಯದ್ದೇ. ಮುದಿಯಾದ ಕಣಗಳನ್ನು ಗುಲ್ಮ ಮತ್ತು ಲಿವರ್‌ನಲ್ಲಿರುವ ಭಕ್ಷಕ ಕಣಗಳು ನುಂಗಿ, ಕಬ್ಬಿಣವನ್ನು ಬಿಡಿಸಿ ಮತ್ತೆ ಮಜ್ಜೆಗೆ ಕಳಿಸುತ್ತವೆ. ಈ ಕೆಲಸವನ್ನು ಕಣ್ಣಾರೆ ನೋಡಬೇಕೆಂದರೆ ಪೆಟ್ಟು ಬಿದ್ದು ಕಂದಿದ ಜಾಗವನ್ನು ದಿನವೂ ಗಮನಿಸಿ. ಮೊದಲು ಕೆಂಪು-ನೇರಳೆ. ನಾಲ್ಕೈದು ದಿನಕ್ಕೆ ಅಂಚಿನಲ್ಲಿ ಹಸಿರು. ಅದು ಹೀಮ್ ಬಳೆ ಒಡೆದು ಬಂದ ಬಿಲಿವರ್ಡಿನ್. ಆಮೇಲೆ ಹಳದಿ, ಅದು ಬಿಲಿರುಬಿನ್. ಕೊನೆಗೆ ಉಳಿಯುವ ಕಂದು ಛಾಯೆ ಇನ್ನೂ ಸಾಗಿಸಿ ಮುಗಿಯದ ಕಬ್ಬಿಣ. ನ್ಯೂಗಿನಿಯ ಕೆಲವು ಹಾವುರಾಣಿಗಳು ಆ ಹಸಿರು ಬಿಲಿವರ್ಡಿನ್ನನ್ನು ರಕ್ತದಲ್ಲೇ ಉಳಿಸಿಕೊಂಡಿವೆ. ಅವುಗಳ ರಕ್ತ, ಮಾಂಸ, ಮೂಳೆ ಎಲ್ಲ ಹಸಿರು.

ಬಿಡುಗಡೆಯಾದ ಕಬ್ಬಿಣ ಒಂಟಿಯಾಗಿ ಅಲೆಯಲು ದೇಹ ಬಿಡುವುದಿಲ್ಲ. ಬಿಡಿ ಕಬ್ಬಿಣ ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಸೇರಿದರೆ ಜೀವಕೋಶದ ಪೊರೆ, ಡಿಎನ್‌ಎಗಳನ್ನು ಹರಿದುಹಾಕುವ ಕಣಗಳು ಹುಟ್ಟುತ್ತವೆ. ಬ್ಯಾಕ್ಟೀರಿಯಾಗಳೂ ಅದಕ್ಕೇ ಹಸಿದು ಕಾಯುತ್ತಿರುತ್ತವೆ. ಸಾಗಿಸಲು ಟ್ರಾನ್ಸ್‌ಫೆರಿನ್ ಇದೆ, ಕೂಡಿಡಲು ಫೆರಿಟಿನ್. ಫೆರಿಟಿನ್ ಎಂದರೆ 24 ತುಣುಕು ಸೇರಿ ಆದ ಟೊಳ್ಳು ಉಂಡೆ. ಒಂದರೊಳಗೆ 4,500ರವರೆಗೆ ಪರಮಾಣು ಹಿಡಿಸುತ್ತವೆ.

ಬಾಗಿಲ ಕೀಲಿಯಿರುವುದು ಲಿವರ್ ಬಳಿ. ಹೆಪ್ಸಿಡಿನ್ ಎಂಬ ಪುಟ್ಟ ಹಾರ್ಮೋನನ್ನು ಅದು ಬಿಡುತ್ತದೆ. ಹೆಪ್ಸಿಡಿನ್ ಏರಿದರೆ ಕರುಳ ಕೋಶಗಳಿಂದ ರಕ್ತಕ್ಕೆ ಕಬ್ಬಿಣ ದಾಟಿಸುವ ದಾರಿ ಮುಚ್ಚುತ್ತದೆ, ಭಕ್ಷಕ ಕಣಗಳೂ ತಮ್ಮಲ್ಲಿರುವುದನ್ನು ಬಿಡುವುದಿಲ್ಲ. ಸಂಗ್ರಹ ಕಡಿಮೆಯಾದಾಗ ಹೆಪ್ಸಿಡಿನ್ ಇಳಿದು ಬಾಗಿಲು ತೆರೆಯುತ್ತದೆ. ಸೋಂಕು ಅಥವಾ ಉರಿಯೂತ ಇದ್ದಾಗಲೂ ಅದು ಏರುತ್ತದೆ. ಬ್ಯಾಕ್ಟೀರಿಯಾಗೆ ಕಬ್ಬಿಣ ಸಿಗದಿರಲೆಂಬ ಎಚ್ಚರ. ಸಂಧಿವಾತ, ಕಿಡ್ನಿ ತೊಂದರೆ, ಹಳೆಯ ಸೋಂಕುಗಳಿರುವವರಿಗೆ ಮಾತ್ರೆ ನುಂಗಿಯೂ ಹಿಮೋಗ್ಲೋಬಿನ್ ಏರದಿರಲು ಇದು ಮುಖ್ಯ ಕಾರಣ. ಮಾತ್ರೆ ಕರುಳಿಗೆ ಬಂದಿದೆ, ಬಾಗಿಲು ಹಾಕಿದೆ.

ಹೊರಹೋಗುವ ದಾರಿ ಇಲ್ಲ ಎಂದಮೇಲೆ ಕೊರತೆ ಹೇಗೆ ಬರುತ್ತದೆ? ಬೆಳವಣಿಗೆ, ಬಸಿರು, ಹೀರಿಕೊಳ್ಳುವಿಕೆಯ ತೊಂದರೆ, ಅಥವಾ ರಕ್ತನಷ್ಟ. ವಯಸ್ಕರಲ್ಲಿ ಕಬ್ಬಿಣದ ಕೊರತೆ ಕಂಡರೆ ಮೊದಲು ಕೇಳಬೇಕಾದದ್ದು "ಏನು ತಿನ್ನುತ್ತಿಲ್ಲ" ಎಂದಲ್ಲ, "ರಕ್ತ ಎಲ್ಲಿ ಹೋಗುತ್ತಿದೆ" ಎಂದು. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ. ಮುಟ್ಟಿನಲ್ಲಿ 40 ಮಿಲಿಲೀಟರ್ ಹೋದರೆ 20 ಮಿಲಿಗ್ರಾಂ. 80 ದಾಟಿದರೆ 40, ಅಂದರೆ ದಿನಕ್ಕೆ ಸರಾಸರಿ 1.3 ಮಿಲಿಗ್ರಾಂ ಹೆಚ್ಚುವರಿ. ಕರುಳು ತರುವುದೇ 1ರಿಂದ 2 ಎನ್ನುವುದನ್ನು ನೆನೆದರೆ ಲೆಕ್ಕ ಯಾಕೆ ಕೂಡಿಬರುವುದಿಲ್ಲ ಎಂದು ಗೊತ್ತಾಗುತ್ತದೆ. ಪ್ಯಾಡ್ ಗಂಟೆಗೊಮ್ಮೆ ಎರಡು ಗಂಟೆಗೊಮ್ಮೆ ನೆನೆಯುವುದು, ಹೆಪ್ಪುಗಟ್ಟಿದ ರಕ್ತದ ದೊಡ್ಡ ಗಡ್ಡೆಗಳು ಬೀಳುವುದು, ಏಳು ದಿನ ಮೀರುವುದು, ಇವು "ಎಲ್ಲರಿಗೂ ಹೀಗೇ" ಎಂದು ಸಹಿಸಬೇಕಾದ ಸಂಗತಿಗಳಲ್ಲ. ಚಿಕಿತ್ಸೆ ಇರುವ ತೊಂದರೆಗಳು.

ಕೊಕ್ಕೆಹುಳುಗಳಲ್ಲಿ ಅಂಕಿಲೋಸ್ಟೋಮಾ ಜಾತಿಯ ಒಂದು ಹುಳು ದಿನಕ್ಕೆ 0.2 ಮಿಲಿಲೀಟರಿನಷ್ಟು ರಕ್ತ ಖರ್ಚುಮಾಡಬಲ್ಲದು. ಕರುಳಲ್ಲಿ ಐವತ್ತಿದ್ದರೆ ದಿನಕ್ಕೆ 10 ಮಿಲಿಲೀಟರ್, 5 ಮಿಲಿಗ್ರಾಂ ಕಬ್ಬಿಣ. ಹನಿಹನಿ ಕೂಡಿದರೆ ಹಳ್ಳ ಎನ್ನುವುದು ನಷ್ಟಕ್ಕೂ ಒಪ್ಪುತ್ತದೆ. ಒಮ್ಮೆ ರಕ್ತದಾನ ಮಾಡಿದರೆ 200ರಿಂದ 250 ಮಿಲಿಗ್ರಾಂ ಹೋಗುತ್ತದೆ, ಅದು ತುಂಬಿಕೊಳ್ಳಲು ತಿಂಗಳುಗಳು ಬೇಕು. ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣದ ಕೊರತೆ ಕಂಡರೆ ಮಾತ್ರೆ ಕೊಟ್ಟು ಸುಮ್ಮನಾಗುವುದು ದೊಡ್ಡ ತಪ್ಪು. ಹೊಟ್ಟೆಯ ಹುಣ್ಣೋ, ದೊಡ್ಡ ಕರುಳಿನ ಕ್ಯಾನ್ಸರೋ ಕಣ್ಣಿಗೆ ಕಾಣದಂತೆ ರಕ್ತ ಸೋರಿಸುತ್ತಿರಬಹುದು. ಮಾತ್ರೆಯಿಂದ ಹಿಮೋಗ್ಲೋಬಿನ್ ಏರಿ, ಆ ಒಂದೇ ಸುಳಿವೂ ಅಳಿಸಿಹೋಗುತ್ತದೆ. ಎಂಡೋಸ್ಕೋಪಿ, ಕೊಲೊನೋಸ್ಕೋಪಿ ಬೇಡವೆಂದು ಮುಂದೂಡಬೇಡಿ.

ಎಳೆಗೂಸುಗಳ ಕಥೆ ಬೇರೆ. ತಿಂಗಳು ತುಂಬಿ ಹುಟ್ಟಿದ ಮಗು ಹೆಚ್ಚುಕಡಿಮೆ ಆರು ತಿಂಗಳಿಗಾಗುವಷ್ಟು ಕಬ್ಬಿಣ ಹೊತ್ತೇ ಬರುತ್ತದೆ. ಹೊಕ್ಕುಳಬಳ್ಳಿಯನ್ನು ಹುಟ್ಟಿದ ತಕ್ಷಣ ಕತ್ತರಿಸದೆ 1ರಿಂದ 3 ನಿಮಿಷ ಕಾದರೆ ಮಾಸಿನಲ್ಲಿರುವ ರಕ್ತವೂ ಮಗುವಿಗೆ ಸೇರಿ ಸಂಗ್ರಹ ಹೆಚ್ಚುತ್ತದೆ. ಆರು ತಿಂಗಳ ನಂತರ ತಾಯಿಹಾಲೊಂದೇ ಸಾಲದು. ಹಂದಿಮರಿಗಳಲ್ಲಿ ಇದೇ ಕೊರತೆ ವಾರದೊಳಗೆ ಕಾಣಿಸಿಕೊಳ್ಳುತ್ತದೆ: ಹುಟ್ಟುವಾಗ ಇರುವುದು ಸುಮಾರು 50 ಮಿಲಿಗ್ರಾಂ, ದಿನಕ್ಕೆ ಬೇಕಾದದ್ದು 7ರಿಂದ 10, ತಾಯಿಹಾಲು ಕೊಡುವುದು 1. ಮಣ್ಣು ಕೆದಕುವ ಮರಿಗಳು ಮಣ್ಣಿನಿಂದಲೇ ಪಡೆಯುತ್ತವೆ. ಸಿಮೆಂಟು ನೆಲದ ಕೊಟ್ಟಿಗೆಯಲ್ಲಿ ಆ ದಾರಿಯಿಲ್ಲ, ಅದಕ್ಕೇ ಮೊದಲ ಮೂರು ನಾಲ್ಕು ದಿನಗಳಲ್ಲೇ 200 ಮಿಲಿಗ್ರಾಂ ಕಬ್ಬಿಣದ ಚುಚ್ಚುಮದ್ದು ಕೊಡುವುದು.

ರಕ್ತದ ವರದಿ ಕೈಗೆ ಬಂದಾಗ ಹಿಮೋಗ್ಲೋಬಿನ್ ಒಂದನ್ನೇ ನೋಡಿ ಮಡಚಿಡಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಗೆರೆ ಪ್ರತಿ ಡೆಸಿಲೀಟರಿಗೆ ಗಂಡಸರಿಗೆ 13, ಹೆಂಗಸರಿಗೆ 12, ಬಸಿರಿನ ಮೊದಲ ಮೂರು ತಿಂಗಳಲ್ಲಿ 11 ಗ್ರಾಂ. ಇವುಗಳ ಕೆಳಗಿದ್ದರೆ ರಕ್ತಹೀನತೆ. ಆದರೆ ಹಿಮೋಗ್ಲೋಬಿನ್ ಇಳಿಯುವುದು ಕೊನೆಗೆ. ಸಂಗ್ರಹ ಅದಕ್ಕಿಂತ ಬಹಳ ಮೊದಲೇ ಬರಿದಾಗಿರುತ್ತದೆ. ಸಂಗ್ರಹ ಹೇಳುವುದು ಫೆರಿಟಿನ್. ಆರೋಗ್ಯವಂತ ವಯಸ್ಕರಲ್ಲಿ ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ ಖಚಿತ. ಜ್ವರ, ಉರಿಯೂತ ಇದ್ದಾಗ ಫೆರಿಟಿನ್ ಸುಳ್ಳೇ ಏರುತ್ತದೆ, ಆಗ 70ರ ಕೆಳಗಿದ್ದರೂ ಅನುಮಾನಿಸಬೇಕು. ಎಂಸಿವಿ, ಅಂದರೆ ಕಣದ ಸರಾಸರಿ ಗಾತ್ರ, 80ಕ್ಕಿಂತ ಕಡಿಮೆ ಇದ್ದರೆ ಎರಡು ಸಾಧ್ಯತೆ ಮುಖ್ಯ: ಕಬ್ಬಿಣದ ಕೊರತೆ ಅಥವಾ ಹಿಮೋಗ್ಲೋಬಿನ್ ಸಾಕಷ್ಟು ತಯಾರಾಗದ, ಹುಟ್ಟಿನಿಂದ ಬಂದ ಥಲಸ್ಸೀಮಿಯಾದ ಸೌಮ್ಯ ರೂಪ. ಎಂಸಿವಿಯನ್ನು ಕೆಂಪು ಕಣಗಳ ಸಂಖ್ಯೆಯಿಂದ, ಮಿಲಿಯನ್ ಲೆಕ್ಕದಲ್ಲಿ, ಭಾಗಿಸಿ. ಎಂಸಿವಿ 65, ಎಣಿಕೆ 5.8 ಇದ್ದರೆ 11.2 ಬರುತ್ತದೆ. 13ಕ್ಕಿಂತ ಕಡಿಮೆ ಬಂದರೆ ಥಲಸ್ಸೀಮಿಯಾ ಕಡೆಗೆ, ಹೆಚ್ಚು ಬಂದರೆ ಕಬ್ಬಿಣದ ಕೊರತೆಯ ಕಡೆಗೆ ಕೈ ತೋರಿಸುತ್ತದೆ. ತೀರ್ಪಲ್ಲ, ಸುಳಿವು, ಆದರೆ ಕಬ್ಬಿಣ ಕಡಿಮೆಯೇ ಇಲ್ಲದವರು ವರ್ಷಗಟ್ಟಲೆ ಮಾತ್ರೆ ನುಂಗುವುದನ್ನು ಇಷ್ಟು ಸಣ್ಣ ಭಾಗಾಕಾರ ತಪ್ಪಿಸಬಹುದು.

ಲಕ್ಷಣಗಳಲ್ಲಿ ಸುಸ್ತು, ಮೆಟ್ಟಿಲೇರಿದರೆ ಏದುಸಿರು ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು ಮಂಜುಗಡ್ಡೆ, ಮಣ್ಣು, ಸೀಮೆಸುಣ್ಣ ಅಗಿಯುವ ತೀರದ ಆಸೆ. ರಾತ್ರಿ ಮಲಗಿದಾಗ ಕಾಲು ಆಡಿಸದೆ ಇರಲಾಗದ ಚಡಪಡಿಕೆ ಇನ್ನೊಂದು. ಬಹಳ ದಿನ ಕಳೆದರೆ ಉಗುರು ಚಮಚದಂತೆ ಹಳ್ಳ ಬೀಳುತ್ತದೆ.

ಮಾತ್ರೆಯ ಪೊಟ್ಟಣದ ಮೇಲೆ ಎರಡು ಅಂಕಿಗಳಿರುತ್ತವೆ, ಗೊಂದಲ ಅಲ್ಲೇ. ಲವಣದ ತೂಕ ಬೇರೆ, ಅದರಲ್ಲಿರುವ ಶುದ್ಧ ಕಬ್ಬಿಣ ಬೇರೆ. ಒಣ ಫೆರಸ್ ಸಲ್ಫೇಟ್ 200 ಮಿಲಿಗ್ರಾಂನಲ್ಲಿ ಕಬ್ಬಿಣ ಸುಮಾರು 65. ಫೆರಸ್ ಫ್ಯುಮರೇಟಿನಲ್ಲಿ ಮೂರನೇ ಒಂದು ಪಾಲು, ಗ್ಲುಕೋನೇಟಿನಲ್ಲಿ ಶೇಕಡಾ 12ರಷ್ಟು. ಒಮ್ಮೆ 60 ಮಿಲಿಗ್ರಾಂ ಅಥವಾ ಹೆಚ್ಚು ನುಂಗಿದರೆ ಹೆಪ್ಸಿಡಿನ್ ಏರಿ ಒಂದು ದಿನದ ಮಟ್ಟಿಗೆ ಬಾಗಿಲು ಅರ್ಧ ಮುಚ್ಚುತ್ತದೆ. ಹಾಗಾಗಿ ದಿನಕ್ಕೆ ಮೂರು ಮಾತ್ರೆ ಎಂಬ ಹಳೆಯ ಪದ್ಧತಿಯಿಂದ ಲಾಭಕ್ಕಿಂತ ಹೊಟ್ಟೆನೋವು, ಮಲಬದ್ಧತೆಯೇ ಹೆಚ್ಚು. ದಿನಕ್ಕೊಂದು ಸಾಕು; ಹೊಟ್ಟೆಗೆ ಒಗ್ಗದವರಿಗೆ ದಿನ ಬಿಟ್ಟು ದಿನ ತೆಗೆದುಕೊಳ್ಳುವುದೂ ಒಳ್ಳೆಯ ಕ್ರಮ. ಗರ್ಭಿಣಿಯರು, ಹಿಮೋಗ್ಲೋಬಿನ್ ತೀರಾ ಇಳಿದವರು ಮಾತ್ರ ತಮ್ಮ ವೈದ್ಯರ ಕ್ರಮವನ್ನು ತಾವಾಗಿ ಬದಲಿಸಬಾರದು.

ಬೆಳಿಗ್ಗೆ ಖಾಲಿ ಹೊಟ್ಟೆಗೆ ನೀರಿನೊಂದಿಗೆ ನುಂಗಿದರೆ ಚೆನ್ನಾಗಿ ಹೀರುತ್ತದೆ. ಚಹಾ, ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆ ಇವುಗಳಿಂದ ಮುಂಚೆಯೂ ಆಮೇಲೂ ಒಂದೆರಡು ಗಂಟೆ ದೂರವಿರಿ. ಊಟದ ಜೊತೆ ಕುಡಿದ ಚಹಾ ಸಸ್ಯಾಹಾರದ ಕಬ್ಬಿಣ ಹೀರುವುದನ್ನು ಅರ್ಧಕ್ಕೂ ಕಡಿಮೆ ಮಾಡಬಲ್ಲದು. ಥೈರಾಯ್ಡ್ ಮಾತ್ರೆಗೂ ಕಬ್ಬಿಣಕ್ಕೂ ನಡುವೆ ನಾಲ್ಕು ಗಂಟೆ ಇರಲಿ, ಇಲ್ಲವಾದರೆ ಕಬ್ಬಿಣವು ಥೈರಾಯ್ಡ್ ಮದ್ದನ್ನು ಕರುಳಲ್ಲೇ ಹಿಡಿದಿಡುತ್ತದೆ. ಜಠರದ ಆಮ್ಲ ತಗ್ಗಿಸುವ ಮಾತ್ರೆಗಳನ್ನು ತಿಂಗಳುಗಟ್ಟಲೆ ತಿನ್ನುವವರಲ್ಲೂ ಹೀರಿಕೆ ಕುಂದುತ್ತದೆ, ಫೆರಿಕ್ ಕಬ್ಬಿಣ ಕರಗಲು ಆಮ್ಲ ಬೇಕು. ಊಟದ ತಟ್ಟೆಯಲ್ಲಿ ಹಸಿ ಹಣ್ಣು, ನಿಂಬೆರಸ ಸೇರಿದರೆ ಸೊಪ್ಪು-ಕಾಳುಗಳ ಕಬ್ಬಿಣ ಹೆಚ್ಚು ದಕ್ಕುತ್ತದೆ.

ಮಲ ಕಪ್ಪಾಗುವುದು ಮಾತ್ರೆಯ ಸಹಜ ಪರಿಣಾಮ. ಆದರೆ ಟಾರಿನಂತೆ ಅಂಟಾಗಿ, ಕೆಟ್ಟ ನಾತದೊಂದಿಗೆ ಬಂದರೆ ಅದು ಮಾತ್ರೆಯಲ್ಲ, ಹೊಟ್ಟೆಯೊಳಗಿನ ರಕ್ತಸ್ರಾವ ಇರಬಹುದು, ತಡಮಾಡದೆ ತೋರಿಸಿ. ಚಿಕಿತ್ಸೆ ತಾಗುತ್ತಿದ್ದರೆ ವಾರದೊಳಗೆ ಎಳೆ ಕೆಂಪು ಕಣಗಳ ಸಂಖ್ಯೆ ಏರುತ್ತದೆ, ನಾಲ್ಕು ವಾರದಲ್ಲಿ ಹಿಮೋಗ್ಲೋಬಿನ್ 1ರಿಂದ 2 ಗ್ರಾಂ ಹೆಚ್ಚುತ್ತದೆ. ಹೆಚ್ಚದಿದ್ದರೆ ಮಾತ್ರೆ ಸರಿಯಾಗಿ ನುಂಗುತ್ತಿಲ್ಲ, ಹೀರುತ್ತಿಲ್ಲ, ರಕ್ತ ಇನ್ನೂ ಸೋರುತ್ತಿದೆ, ಇಲ್ಲವೇ ಕಾಯಿಲೆಯೇ ಬೇರೆ. ಹಿಮೋಗ್ಲೋಬಿನ್ ಸರಿಹೋದ ಮೇಲೂ ಮೂರು ತಿಂಗಳು ಮುಂದುವರಿಸಬೇಕು, ಆಗಲೇ ಫೆರಿಟಿನ್ ತುಂಬುವುದು. ಹೆಚ್ಚಿನವರು ಬಿಟ್ಟುಬಿಡುವುದು ಇಲ್ಲೇ, ಮತ್ತೆ ಆರು ತಿಂಗಳಿಗೆ ಅದೇ ಸುಸ್ತು ಹಿಂದಿರುಗುವುದೂ ಇದರಿಂದಲೇ.

ಕೊರತೆಯಿಲ್ಲದವರು ಶಕ್ತಿ ಬರಲಿ ಎಂದು ಕಬ್ಬಿಣ ತಿನ್ನುವುದು ಬೇಡ. ಹಿಮೋಕ್ರೊಮಟೋಸಿಸ್ ಎಂಬ ಆನುವಂಶಿಕ ತೊಂದರೆಯಲ್ಲಿ ಹೆಪ್ಸಿಡಿನ್ ಸಾಲದೆ ಬಾಗಿಲು ಸದಾ ತೆರೆದೇ ಇರುತ್ತದೆ; ದಶಕಗಳಲ್ಲಿ ಲಿವರ್, ಹೃದಯ, ಮೇದೋಜೀರಕ ಗ್ರಂಥಿಗಳಲ್ಲಿ ಕಬ್ಬಿಣ ತುಂಬುತ್ತದೆ. ಚಿಕಿತ್ಸೆ ಆಗಾಗ ರಕ್ತ ತೆಗೆಯುವುದು. ಹೋಗಲು ಬೇರೆ ದಾರಿಯಿಲ್ಲವಲ್ಲ. ಥಲಸ್ಸೀಮಿಯಾ ಮಕ್ಕಳಿಗೆ ಏರಿಸುವ ಒಂದೊಂದು ಚೀಲ ರಕ್ತವೂ 200ಕ್ಕೂ ಹೆಚ್ಚು ಮಿಲಿಗ್ರಾಂ ಕಬ್ಬಿಣ ತರುತ್ತದೆ. ರಕ್ತ ತೆಗೆಯುವಂತಿಲ್ಲವಾದ್ದರಿಂದ ಕಬ್ಬಿಣವನ್ನು ಹಿಡಿದು ಹೊರಗೆಳೆಯುವ ಮದ್ದು ಅವರಿಗೆ ಬೇಕೇ ಬೇಕು.

ಕೊನೆಗೆ, ಮಾತ್ರೆ ಇಡುವ ಜಾಗ. ಬಣ್ಣಬಣ್ಣದ ಸಕ್ಕರೆ ಲೇಪದ ಕಬ್ಬಿಣದ ಮಾತ್ರೆ ಮಕ್ಕಳ ಕಣ್ಣಿಗೆ ಮಿಠಾಯಿ. ಮಗುವಿನ ತೂಕದ ಪ್ರತಿ ಕಿಲೋಗೆ 20 ಮಿಲಿಗ್ರಾಂ ಕಬ್ಬಿಣ ದಾಟಿದರೆ ವಾಂತಿ, ಭೇದಿ ಶುರುವಾಗಬಹುದು. 60 ದಾಟಿದರೆ ಜೀವಕ್ಕೇ ಅಪಾಯ. ಹತ್ತು ಕಿಲೋ ತೂಗುವ ಮಗುವಿಗೆ 65 ಮಿಲಿಗ್ರಾಂನ ಹತ್ತೇ ಮಾತ್ರೆ ಆ ಗೆರೆ ಮುಟ್ಟಿಸುತ್ತವೆ. ಇದರ ಅತಿ ಕೆಟ್ಟ ಗುಣವೆಂದರೆ ಮೊದಲ ವಾಂತಿ ನಿಂತ ಮೇಲೆ, 6ರಿಂದ 24 ಗಂಟೆಯ ನಡುವೆ, ಮಗು ಸುಧಾರಿಸಿದಂತೆ ಕಾಣುವುದು. ಆಘಾತ, ಲಿವರ್ ಹಾನಿ ಅದರ ನಂತರ ಬರುತ್ತವೆ. ಆದ್ದರಿಂದ ಮಗು ಆಡಿಕೊಂಡಿದ್ದರೂ ಸರಿ, ನುಂಗಿರುವುದು ಗೊತ್ತಾದ ಕೂಡಲೇ ಹೊರಡಿ. ಬಲವಂತವಾಗಿ ವಾಂತಿ ಮಾಡಿಸಬೇಡಿ. ಇದ್ದಿಲ ಪುಡಿ ಕೊಟ್ಟರೂ ಅದು ಕಬ್ಬಿಣವನ್ನು ಹಿಡಿಯುವುದಿಲ್ಲ. ಖಾಲಿ ಪೊಟ್ಟಣವನ್ನು ಜೊತೆಗೇ ಒಯ್ಯಿರಿ, ಎಷ್ಟು ಮಾತ್ರೆ ಕಾಣೆಯಾಗಿವೆಯೆಂದು ಎಣಿಸಿಕೊಂಡು ಹೋಗಿ. ಆಸ್ಪತ್ರೆಯಲ್ಲಿ ಮೊದಲು ಕೇಳುವುದು ಆ ಅಂಕಿಯನ್ನೇ.